ನಿಂತುಹೋಗುವ ಗಡಿಯಾರ

ಕೆರ್ಮಾನ್, ಗುರುವಾರ ಬೆಳಗ್ಗೆ

ಬಾಬಾ, ನನ್ನ ಪ್ರೀತಿಯ ಅಪ್ಪಾ,

ಐದು ದೇಶಗಳ ಹುಡುಗಿಯರು ನಾಳೆ ಬಂದಿಳಿಯುತ್ತಾರೆ. ನಮ್ಮ ಒಳಾಂಗಣ ಫುಟ್‌ಬಾಲಿನ, ಈ ಫುಟ್ಸಾಲ್ ಪಂದ್ಯಗಳಿಗೆ ಗಂಡಸರು ಒಳಗೆ ಬರುವಂತಿಲ್ಲ ಎಂಬ ಕಾಗದಕ್ಕೆ ನಾನೇ ಸಹಿ ಹಾಕಿದೆ. ಪಂದ್ಯದ ಹೊತ್ತು ತೋರಿಸುವ, ಇಷ್ಟು ವರ್ಷ ನೀವೇ ನೋಡಿಕೊಂಡ ಕ್ರೀಡಾಂಗಣದ ಹಳೆಯ ಗಡಿಯಾರ ನಿಮ್ಮೊಬ್ಬರ ಮಾತನ್ನೇ ಕೇಳುವುದೆಂದು ಆಗ ಹೊಳೆಯಲಿಲ್ಲ. ನಿನ್ನೆ ಅದು ಮೂರು ಸಲ ನಿಂತಿತು. ಇವತ್ತು ಸಂಜೆ ತಪಾಸಣೆಯವರ ಎದುರೂ ನಿಂತರೆ ಪಂದ್ಯಾವಳಿ ಬೇರೆ ಊರಿನ ಪಾಲಾಗುತ್ತದೆ.

"ಅದೂ ಗಂಡಸೇ ಇರ್ಬೇಕು, ನನ್ನ ಜೊತೆ ಅದನ್ನೂ ಹೊರಗೆ ಹಾಕಮ್ಮ" ಅಂತ ನೀವು ರಾತ್ರಿ ಅಂದಿರಿ.

ಹುಡುಗಿಯರು ಬರುವ ಮೊದಲು, ಇವತ್ತು ಮಧ್ಯಾಹ್ನವೇ ಬಂದು ಅದನ್ನು ನಡೆಸುವುದನ್ನು ನನಗೆ ಕಲಿಸಿಕೊಡಿ. ಪಂದ್ಯದ ದಿನಗಳಿಗೆಂದು ಹಿಂಬಾಗಿಲ ಹೊರಗೆ ನೆರಳಲ್ಲಿ ನಿಮಗೊಂದು ಕುರ್ಚಿ ಹಾಕಿಸಿದ್ದೇನೆ; ಧ್ವನಿವರ್ಧಕವೂ ಆ ಕಡೆಗೇ ತಿರುಗಿದೆ. ನಿಮ್ಮ ಕಿರಿಯ ಮಗಳು ಸಮಾನೆ ಗೋಲು ಹೊಡೆದರೆ ಅವಳ ಹೆಸರಿನ ಜೊತೆಗೆ ನಿಮ್ಮ ಹೆಸರನ್ನೂ ಕೂಗಲು ಘೋಷಣೆ ಮಾಡುವವಳಿಗೆ ಹೇಳಿದ್ದೇನೆ. ಅಷ್ಟು ಹೊತ್ತಾದರೂ ನೀವು ಒಳಗಿರುತ್ತೀರಿ.

ನಿಮ್ಮ ದಾರಿ ನೋಡುತ್ತಿರುವ,
ಮಹ್‌ನೂಷ್