ಗ್ರೀಸಿನ ಬದಲು ಔಡಲೆಣ್ಣೆ

ಸಮಡೋಳಿ
ಕ್ಷಮಾವಣಿಯ ದಿನ, ಭಾದ್ರಪದ, 1979

ಸೊಸೆ ಮಂಗಲಳಿಗೆ,

ಆಶೀರ್ವಾದ ಎಂದು ಬರೆಸಲು ಹೋದೆ, ನಾಲಿಗೆ ಏಳಲಿಲ್ಲ. ಈ ಸಲ ಕೈ ಮುಗಿಯುವ ಪಾಳಿ ನನ್ನದು.

ಅಕ್ಷರ ನೋಡಿದ ಕೂಡಲೇ ಯಾರು ಬರೆದದ್ದೆಂದು ನಿನಗೆ ತಿಳಿದಿರುತ್ತದೆ. ಹೌದು, ನಿನ್ನ ಗಂಡ ಧನಪಾಲನೇ. ನನಗೆ ಓದು ಬರಹ ಬಾರದು. ಇವನು ಅಥಣಿಯ ಸೋದರಮಾವನ ಮನೆಯಲ್ಲಿದ್ದು ಕನ್ನಡ ಕಲಿತವನು. ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ, ಇವನು ಶಾಲೆಯ ಭಾಷೆಗೆ ತಿದ್ದಿ ಬರೆಯುತ್ತಾನೆ. ಒಂದಕ್ಷರ ಬಿಟ್ಟರೂ ನೋಡು ಎಂದು ಹೆದರಿಸಿ ಕೂರಿಸಿದ್ದೇನೆ. ಏನು ಬರೆಸಲಿದ್ದೇನೆ ಎಂಬುದು ಅವನಿಗಿನ್ನೂ ಗೊತ್ತಿಲ್ಲ.

ಇವತ್ತು ಬಸದಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿದು, “ತಿಳಿದೋ ತಿಳೀದೋ ತಪ್ಪಾಗಿದ್ದರ ಕ್ಷಮಾ ಮಾಡ್ರಿ” ಎಂದು ಕೇಳಿಕೊಂಡರು. ನಾನೂ ಕೇಳಿದೆ. ನಮ್ಮ ಎಮ್ಮೆಯ ಮೇಲೆ ಸದಾ ಕಣ್ಣು ಹಾಕುವ ಸರುಬಾಯಿಗೂ ಕೈಮುಗಿದೆ. ಅವಳು, “ಸೊಸಿ ಎಲ್ಲೆದಾಳರೀ ವೈನಿ? ಆಕಿಗೂ ಕೇಳೂದಿತ್ತು” ಎಂದಳು. ನಿನ್ನ ತಂದೆ ಪಾಯಪ್ಪನವರಿಗೆ ಆರಾಮಿಲ್ಲ, ಮಿರಜಿನ ತವರಿಗೆ ಹೋಗಿದ್ದಾಳೆ ಎಂದುಬಿಟ್ಟೆ. ಇಂಥ ದಿನ, ದೇವರ ಎದುರಿಗೆ, ಗಟ್ಟಿಮುಟ್ಟಾಗಿರುವ ಮನುಷ್ಯನಿಗೆ ಬೇನೆ ಹಚ್ಚಿ ಬಂದೆನಲ್ಲ! ಮನೆಗೆ ಬಂದು ಊಟ ಸೇರಲಿಲ್ಲ.

ನೀನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಹಳೆಯ ಪಿಕಪ್ ಗಾಡಿಯ ಕೆಳಗೆ ಗೋಣಿ ಹಾಸಿಕೊಂಡು ಮಲಗಿದ್ದನ್ನು ಕಂಡು ಎದೆ ಒಡೆದುಕೊಂಡಿದ್ದೆ. ಗ್ಯಾರೇಜಿನವನ ಮಗಳು, ಕೈ ಕರಿಯಾದರೆ ರೊಟ್ಟಿ ಹೇಗೆ ಬಡಿಯುತ್ತಾಳೆ ಎಂದು ಎಷ್ಟು ಆಡಿದೆ! ಆದರೆ ಗಾಲಿಗೆ ಇಟ್ಟಿಗೆ ಕೊಟ್ಟು, ಗೇರು ಬಿಡಿಸಿ, ಇಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ಆ ಉದ್ದನೆಯ ಶಾಫ್ಟನ್ನು ಎರಡೂ ಕೈಯಿಂದ ಅತ್ತ ಇತ್ತ ತಿರುವಿ ನೀನು ಕಿವಿಗೊಡುತ್ತಿದ್ದೆ. ನೀನು ಬಂದ ಮೇಲೆ ಹಾಲಿನ ಕ್ಯಾನು ಒಂದು ದಿನವೂ ಡೈರಿಗೆ ತಡವಾಗಿ ಹೋಗಲಿಲ್ಲ. ಹೊರಗೆ ಬೈಯುತ್ತಿದ್ದೆ, ಒಳಗೆ ಹಿಗ್ಗುತ್ತಿದ್ದೆ. ಅದನ್ನು ನಿನಗೆ ಯಾವತ್ತೂ ಹೇಳಲಿಲ್ಲ.

ಈ ಚಾತುರ್ಮಾಸಕ್ಕೆ ಮುನಿಗಳು ಊರಲ್ಲಿ ನಿಂತರು. ಅವರ ಆಹಾರದ ಅಡಿಗೆಗೆ ತೋಟದ ಬಾವಿಯ ನೀರು ನಮ್ಮ ಗಾಡಿಯಲ್ಲೇ ಬರಬೇಕೆಂದು ನಿಶ್ಚಯವಾಯಿತು. ಬಸದಿಯಲ್ಲಿ ಯಾರೋ ಗ್ರೀಸಿನಲ್ಲಿ ದನದ ಕೊಬ್ಬು ಇರುತ್ತದೆ ಎಂದರು. ಅಷ್ಟೇ ಸಾಕಾಯಿತು ನನಗೆ. ನೀನು ಹಿತ್ತಲಲ್ಲಿದ್ದಾಗ ಗ್ರೀಸಿನ ಪಿಚಕಾರಿ ಬಿಚ್ಚಿ, ಇದ್ದದ್ದನ್ನೆಲ್ಲ ತಿಪ್ಪೆಗೆ ಬಳಿದು, ಬಂಡಿಯ ಗಾಲಿಗೆ ಹಾಕುತ್ತಿದ್ದ ವಂಗಣ ತುಂಬಿಟ್ಟೆ. ಔಡಲೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ್ದು, ನೋಡಲು ಗ್ರೀಸಿನಂತೆಯೇ; ನೀನು ಅದನ್ನೇ ಶಾಫ್ಟಿನ ಕೀಲಿಗೆ ಹೊಡೆದೆ. ನಿನ್ನ ಮಾವ ಅದರ ಮೇಲೇ ನಲವತ್ತು ವರ್ಷ ಬಂಡಿ ಹೊಡೆದರು, ಇದಕ್ಕೇನು ಧಾಡಿ ಎಂದುಕೊಂಡೆ.

ಇಲ್ಲಿಗೆ ಬರುತ್ತಲೇ ಇವನು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. “ಬರಿ” ಎಂದೆ. ಬರೆಯುತ್ತಿದ್ದಾನೆ.

ಗೇರು ಹಾಕಿದಾಗೊಮ್ಮೆ ಗಾಡಿ ಟಣ್ ಎನ್ನತೊಡಗಿತು. ನೀನು ಕೆಳಗೆ ಹೋಗಿ ಶಾಫ್ಟು ತಿರುವಿದೆ, ಅದು ಕೀಲಿನಲ್ಲಿ ಸಡಿಲಾಗಿ ಕುಣಿಯಿತು. ಕೀಲಿನ ಬಾಯಿಗೆ ತುಕ್ಕಿನ ಕೆಂಪು ಪುಡಿ ಹತ್ತಿದ್ದನ್ನು ತೋರಿಸಿ, “ಅತ್ತೀ, ನಾ ಹೋದ ವಾರನ ಗ್ರೀಸ ಹೊಡದೇನಿ. ಮತ್ತ ಹ್ಯಾಂಗ ಒಣಗತೈತಿ ಇದು?” ಎಂದು ನನ್ನನ್ನೇ ಕೇಳಿದೆಯಲ್ಲ! ಆಗ ಹೇಳಬಹುದಿತ್ತು. ನನಗೇನು ತಿಳಿಯುತ್ತದೆ ತಾಯಿ ಎಂದು ಒಳಗೆ ಹೋದೆ. ಇವನು ತುಂಬಿದ ಕ್ಯಾನು ಹೇರಿಕೊಂಡು ಹೋದ ದಿನ ಸಾಂಗಲಿಯ ಡೈರಿಯ ಬಾಗಿಲಲ್ಲೇ ಕೀಲು ಮುರಿದು ಶಾಫ್ಟು ನೆಲಕ್ಕೆ ಬಿತ್ತು, ಊರ ಹಾಲೆಲ್ಲ ರಸ್ತೆ ಪಾಲಾಯಿತು. ಸುದ್ದಿ ಕೇಳಿ ನೀನೂ ನಾನೂ ಬಸ್ಸು ಹಿಡಿದು ಅಲ್ಲಿಗೆ ಧಾವಿಸಿದೆವು. ನೆರೆದ ಮಂದಿಯ ನಡುವೆ ಇವನು, “ಹೆಂಗಸು ಕೈ ಹಚ್ಚಿದ್ದಕ್ಕನ ಹಿಂಗಾತು. ನಿಮ್ಮಪ್ಪ ಕಲಿಸಿದ್ದು ಇಷ್ಟನ ಏನು?” ಎಂದು ಒದರಿದ.

ನೀನು ಮುರಿದ ಕೀಲನ್ನು ಬೆರಳಿಂದ ಸವರಿದೆ. ಮೂಸಿದೆ. ಆಮೇಲೆ ನನ್ನ ಕಡೆ ನೋಡಿದೆ. ಔಡಲೆಣ್ಣೆ ಎಂದು ನಿನಗೆ ಅಲ್ಲೇ ತಿಳಿಯಿತು, ಮಂಗಲಾ. ತಿಳಿದೂ ಬೆರಳನ್ನು ಸೆರಗಿಗೆ ಒರೆಸಿಕೊಂಡು ಸುಮ್ಮನಾದೆ. ನಾನೂ ಸುಮ್ಮನೆ ನಿಂತೆ. ನೀನು ನನ್ನ ಮಾನ ಕಾಯಲು ಸುಮ್ಮನಿದ್ದೆ, ನಾನೂ ನನ್ನ ಮಾನ ಕಾಯಲೇ ಸುಮ್ಮನಿದ್ದೆ. ನೀನು ಅಲ್ಲಿಂದಲೇ ಮಿರಜಿನ ಬಸ್ಸು ಹತ್ತಿದಾಗ ಹಿಂದೆ ಓಡಿ ಬರಲೂ ಇಲ್ಲ. ನೆನೆದರೆ ಮೈಯೆಲ್ಲ ನಾಚಿಕೆಯಿಂದ ಉರಿಯುತ್ತದೆ, ಮಗಳೇ.

ಬಸದಿಯಲ್ಲಿ ಹೇಳುವಂತೆ ತಿಳಿದೋ ತಿಳಿಯದೆಯೋ ಎಂದು ನಿನಗೆ ಹೇಳಲಾರೆ. ವಂಗಣ ತುಂಬಿದ್ದು ತಿಳಿಯದೆ, ಬಾಯಿ ಮುಚ್ಚಿಕೊಂಡದ್ದು ತಿಳಿದೇ. ತಿಳಿದು ಮಾಡಿದ್ದಕ್ಕೆ ಕೈಮುಗಿಯುತ್ತೇನೆ. ನೀನು ಬಂದರೆ ನಿನ್ನ ಮನೆ, ಬಾರದಿದ್ದರೂ ತಪ್ಪು ನಿನ್ನದಲ್ಲ ಎಂದು ಸರುಬಾಯಿಗೂ ನಾನೇ ಹೇಳುತ್ತೇನೆ.

ನಿನ್ನ ಮುಂದೆ ತಲೆ ತಗ್ಗಿಸಿದ,
ಹೀರಾಬಾಯಿ
(ಹೆಬ್ಬೆಟ್ಟಿನ ಗುರುತು)

ತಾ.ಕ.: ಮಂಗಲಾ, ಇದು ನನ್ನ ಮಾತು, ಧನಪಾಲನದು. ಅವ್ವ ನಾನು ವಿಳಾಸ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾಳೆ. ಅವಳಿಗೆ ಗೊತ್ತಿಲ್ಲದ್ದು ಒಂದಿದೆ. ಆ ದಿನ ನಸುಕಿನಲ್ಲಿ ನೀನು ಗಾಡಿಗೆ ಅಡ್ಡ ನಿಂತು, “ಕೀಲು ಹೋಗೇತ್ರಿ, ಇವತ್ತ ಲೋಡ್ ಹಾಕಬ್ಯಾಡ್ರಿ” ಎಂದಿದ್ದೆ. ನಾನು ನಕ್ಕು ಗೇರು ಹಾಕಿದೆ. ಡೈರಿಯ ಮುಂದೆ ಅಷ್ಟು ಒದರಿದ್ದು ಆ ಮಾತು ನಿನ್ನ ಬಾಯಿಂದ ಹೊರಗೆ ಬರಬಾರದು ಎಂದು. ನೀನು ಅದನ್ನೂ ಹೇಳಲಿಲ್ಲ.

ಇಷ್ಟು ಬರೆದು ಅವ್ವನಿಗೆ ಓದಿ ಹೇಳಿದೆ. ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡು, “ಟಪಾಲಿಗೆ ಹಾಕಬ್ಯಾಡ, ನಡಿ” ಎಂದಳು. ನೀನು ಇದನ್ನು ಓದುವಾಗ ನಾವಿಬ್ಬರೂ ನಿಮ್ಮ ಗ್ಯಾರೇಜಿನ ಹೊರಗೆ ನಿಂತಿರುತ್ತೇವೆ. ಒಳಗೆ ಕರೆ ಎಂದು ಕೇಳುವುದಿಲ್ಲ.