ಕೊನೆಯ ಪದ ಯಾರೂ ಹೇಳಿಕೊಡಬೇಡಿ

ಶಿಶುವಿಹಾರ, ನನ್ನ ತರಗತಿಯ ಕೋಣೆ
ಫೆಬ್ರವರಿ ೧೨, ಬುಧವಾರ ಸಂಜೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬಲಗೈ ಬೆರಳು ಮಡಚಲು ಬರುತ್ತಿದೆಯಂತೆ, ಗೋಡೆ ಹಿಡಿಯದೆ ಅಡುಗೆಮನೆಯವರೆಗೆ ನಡೆದೆಯಂತೆ. ಅತ್ತಿಗೆ ಫೋನಿನಲ್ಲಿ ಹೇಳಿದಾಗ ಹಿಗ್ಗಿಹೋದೆ. ಮಾತ್ರೆಯನ್ನು ಕೆನ್ನೆಯಲ್ಲಿ ಬಚ್ಚಿಟ್ಟುಕೊಂಡು ಆಮೇಲೆ ಉಗುಳುತ್ತೀಯ ಅಂತಲೂ ದೂರು ಬಂದಿದೆ. ನನ್ನ ತರಗತಿಯ ಮಕ್ಕಳೇ ವಾಸಿ ಕಣಮ್ಮ. ಪಾರ್ಶ್ವವಾಯು ಹೊಡೆದು ಐದು ತಿಂಗಳಾಯಿತು. ಕೈಕಾಲು ಒಂದೊಂದಾಗಿ ಹೇಳಿದ ಮಾತು ಕೇಳುತ್ತಿವೆ, ನಾಲಿಗೆ ಮಾತ್ರ ಇನ್ನೂ ಮುನಿಸಿಕೊಂಡು ಕೂತಿದೆ. ಈ ಕಾಗದವನ್ನು ಅಣ್ಣ ನಿನಗೆ ಓದಿ ಹೇಳಬೇಕು. ಅಣ್ಣಾ, ಬಸ್ಸು ತಪ್ಪಿಹೋಗುವವನ ಹಾಗೆ ಓದಬೇಡ, ನಿಧಾನವಾಗಿ ಓದು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಹೋದ ವಾರ ಗಂಟಲು ಕಟ್ಟಿತ್ತು, ಆ ಕಥೆ ಆಮೇಲೆ ಹೇಳುತ್ತೇನೆ. ನನ್ನ ಇಪ್ಪತ್ತೆರಡು ಮಕ್ಕಳಿಗೆ ಈಗ ಪ್ರಾಸ ಕಲಿಸುವ ಸಮಯ. ನಾಲ್ಕು ವರ್ಷದವರ ಹತ್ತಿರ ಪ್ರಾಸ ಅಂದರೆ ಯಾರಿಗೆ ಅರ್ಥವಾಗುತ್ತದೆ? ನಾವು 'ಜೋಡಿ ಸದ್ದು' ಅನ್ನುತ್ತೇವೆ. ಮೊದಲ ದಿನ ಚಾಪೆಯ ಮೇಲೆ ಒಂದು ತಟ್ಟೆ, ಒಂದು ಚಮಚ, ಒಂದು ತುಂಡು ಬಟ್ಟೆ ಇಟ್ಟು, ತಟ್ಟೆಗೆ ಜೋಡಿ ಯಾವುದು ಅಂತ ಕೇಳಿದೆ. ಹತ್ತಾರು ಗಂಟಲು ಒಟ್ಟಿಗೆ 'ಚಮಚ!' ಅಂದವು. ಹಲ್ಲಿಗೆ ಜೋಡಿ ಕಲ್ಲು ಅಂದಾರು ಅಂತ ನಾನು ಕಾದರೆ 'ಬ್ರಷ್ಷು!' ಅಂತ ಬಂತು. ಅವರದೇನು ತಪ್ಪು? ತಟ್ಟೆ ಪಕ್ಕ ಬಟ್ಟೆ ಇಟ್ಟುಕೊಂಡು ಯಾರು ಊಟ ಮಾಡುತ್ತಾರೆ? ಕಣ್ಣಿಗೆ ಕಂಡದ್ದನ್ನು ಬಿಟ್ಟು ಕಿವಿಗೆ ಬಿದ್ದದ್ದನ್ನು ಹಿಡಿಯುವುದು ಸಣ್ಣ ಕೆಲಸವಲ್ಲ. ಆಮೇಲೆ ವಸ್ತುಗಳನ್ನೆಲ್ಲ ಎತ್ತಿಟ್ಟು, ಎಲ್ಲರೂ ಕಣ್ಣು ಮುಚ್ಚಿ ಅಂದೆ. ತಟ್ಟೆ, ಬಟ್ಟೆ. ಮೂಗು, ಕೂಗು. ಒಂದು ವಾರ ಹೀಗೆ ಕತ್ತಲೆಯಲ್ಲೇ ಪಾಠ ನಡೆಯಿತು. ಇಬ್ಬರು ನಿಜವಾಗಿಯೂ ನಿದ್ದೆ ಹೋದರು. ಉಳಿದವರಿಗೆ ಕಿವಿ ಬಂತು.

ಅದಾದ ಮೇಲೆ ಸಾಲಿನ ಕೊನೆಯ ಪದ ಬಿಟ್ಟು ಹಾಡುವುದು, ಮಕ್ಕಳು ಅದನ್ನು ತುಂಬುವುದು. ಇದನ್ನು ಟೀಚರ್ ಟ್ರೈನಿಂಗಿನಲ್ಲಿ ದೊಡ್ಡ ವಿದ್ಯೆಯ ಹಾಗೆ ಹೇಳಿಕೊಟ್ಟಿದ್ದರು. ನಾನು ಒಳಗೊಳಗೇ ನಕ್ಕಿದ್ದೆ. ನಿನ್ನ ಹೊಲಿಗೆ ಮಿಷನ್ನಿನ ಕೆಳಗೆ, ಬಟ್ಟೆ ಚೂರುಗಳ ಗುಡ್ಡೆಯಲ್ಲಿ ಕೂತು ನಾನು ಕಲಿತದ್ದು ಅದನ್ನೇ ಅಲ್ಲವೇ? ನೀನು ಯಾರದೋ ರವಿಕೆ ಹೊಲಿಯುತ್ತ, ಮಿಷನ್ನು ತುಳಿಯುವ ತಾಳಕ್ಕೆ ಏನಾದರೊಂದು ಪದ ಕಟ್ಟಿ ಹಾಡುತ್ತಿದ್ದೆ. ಕೊನೆಯ ಪದ ಬರುವ ಹೊತ್ತಿಗೆ ಬೇಕೆಂದೇ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಹುಬ್ಬು ಏರಿಸಿ 'ಊಂ?' ಅನ್ನುತ್ತಿದ್ದೆ. ನಾನು ಹೇಳುವವರೆಗೂ ಸೂಜಿ ತೆಗೆಯುತ್ತಿರಲಿಲ್ಲ. ಗಿರಾಕಿ ಬಂದು ಬಾಗಿಲಲ್ಲಿ ನಿಂತರೂ ಅಷ್ಟೇ, ಅವರೂ ನನ್ನ ಬಾಯನ್ನೇ ನೋಡುತ್ತ ಕಾಯಬೇಕಿತ್ತು.

ನನ್ನ ತರಗತಿಯಲ್ಲಿ ಒಬ್ಬಳು ಇನ್‌ಸ್ಪೆಕ್ಟರಮ್ಮ ಇದ್ದಾಳೆ. ನಾನೇ ಇಟ್ಟ ಹೆಸರು. ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಎಲ್ಲರ ಚೀಲ, ಎಲ್ಲರ ಚಪ್ಪಲಿ ತಪಾಸಣೆ ಮಾಡುತ್ತಾಳೆ, ತುಟಿ ಮಾತ್ರ ಪಿಟಿಕ್ಕೆನ್ನುವುದಿಲ್ಲ. ಶಾಲೆಗೆ ಸೇರಿ ಏಳು ತಿಂಗಳು, ಒಂದು ಮಾತಿಲ್ಲ. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾಳಂತೆ. ನಾನು ದಿನವೂ ಅವಳ ಮುಂದೆ ಮಂಡಿಯೂರಿ ಹಾಡುತ್ತಿದ್ದೆ.

ಕಿಟಕಿ ಮೇಲೆ ಕೂತ ಕಾಗೆ
ಕತ್ತು ತಿರುಗಿಸಿ ನೋಡ್ತು...

ಅವಳು ಕತ್ತು ಓರೆ ಮಾಡುತ್ತಿದ್ದಳು. ಅಷ್ಟೇ. ಪಾಪ, ಮಗುವಿಗೆ ಕಷ್ಟವಾಗುತ್ತದೆ ಅಂತ ನಾನೇ 'ಹೀಗೆ!' ಅಂದು, ಕೆನ್ನೆ ಸವರಿ, ಮುಂದಿನ ಮಗುವಿನ ಹತ್ತಿರ ಹೋಗುತ್ತಿದ್ದೆ. ಎಷ್ಟು ಒಳ್ಳೆಯ ಟೀಚರ್ ನಾನು ಅಂತ ನನಗೇ ಅನ್ನಿಸುತ್ತಿತ್ತು.

ಹೋದ ಗುರುವಾರ ಗಂಟಲು ಕಟ್ಟಿತು ಅಂದೆನಲ್ಲ. ಅವಳ ಮುಂದೆ ಕೂತು 'ನೋಡ್ತು' ಅನ್ನುವಷ್ಟರಲ್ಲಿ ದನಿ ಪೂರ್ತಿ ನಿಂತುಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಎದ್ದು ಹೋಗಿ ನೀರು ಕುಡಿಯಬಹುದಿತ್ತು, ಯಾಕೋ ಏಳಲಿಲ್ಲ. ಅವಳು ನನ್ನ ಬಾಯಿ ನೋಡಿದಳು, ನಾನು ಅವಳ ಬಾಯಿ ನೋಡಿದೆ. ಕೈತೊಳೆಯುವ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕತ್ತು ಓರೆ ಮಾಡಿದಳು. ಆಮೇಲೆ ಇಷ್ಟೇ ಇಷ್ಟು ದನಿಯಲ್ಲಿ 'ಹೀಗೆ' ಅಂದಳು. ನಾನು ಅಲ್ಲೇ ಅತ್ತುಬಿಟ್ಟೆ ಅಮ್ಮಾ. ಅವಳು ನನ್ನ ಭುಜ ತಟ್ಟಿ, 'ಟೀಚರ್, ನಿಮ್ಗೆ ಮರ್ತೋಗಿತ್ತಾ? ಅಳ್ಬೇಡಿ, ನಾನು ಹೇಳ್ಕೊಡ್ತೀನಿ' ಅಂದಳು.

ಮಧ್ಯಾಹ್ನ ಚಾಪೆ ಮಡಚುತ್ತ ನಮ್ಮ ಆಯಾ ಒಂದು ಮಾತು ಆಡಿದಳು. 'ಟೀಚರಮ್ಮ, ತಪ್ಪು ತಿಳ್ಕೋಬೇಡಿ. ದಿನಾ ನೀವೇ ಹೇಳ್ಬಿಡ್ತಿದ್ರಿ. ಆ ಮಗುಗೆ ಸರದಿ ಎಲ್ಲಿ ಬಂತು?' ಅವಳು ಚಾಪೆ ಎತ್ತಿಕೊಂಡು ಹೊರಟುಹೋದಳು. ನನಗೆ ನೆನಪಾದದ್ದು ನೀನು.

ಡಿಸೆಂಬರಿನಲ್ಲಿ ಬಂದಿದ್ದೆನಲ್ಲ, ಊಟದ ಮೇಜಿನ ಹತ್ತಿರ ನೀನು ನನ್ನ ಕೈ ಹಿಡಿದು 'ಕ... ಕ...' ಅಂದೆ. ನಾನು ಸುಮ್ಮನಿದ್ದೆನೇ? ಕನ್ನಡಕ ಬೇಕಾ, ಕಿಟಕಿ ತೆಗೀಲಾ, ಕಾಲು ನೋಯ್ತಿದ್ಯಾ ಅಂತ ಒಂದೇ ಸಮನೆ ಸುರಿದೆ. ಅಣ್ಣ ಆ ಕಡೆಯಿಂದ ಕಂಬಳಿ ತಂದ, ಅತ್ತಿಗೆ ಕಾಫಿ ತಂದರು. ನೀನು ನನ್ನ ಕೈ ಬಿಟ್ಟು ಗೋಡೆಯ ಕಡೆ ತಿರುಗಿದೆ. ಸುಸ್ತಾಗಿದೆ ಅಂದುಕೊಂಡೆವು. ಅವತ್ತಿನಿಂದ ನೀನು ಪ್ರಯತ್ನವನ್ನೇ ಬಿಟ್ಟೆ. ಮಾತು ಕಲಿಸಲು ಬರುವ ಡಾಕ್ಟರಮ್ಮ 'ಅವರಿಗೇ ಹೇಳೋಕೆ ಬಿಡಿ' ಅಂದಾಗ, ನಾನು ಟೀಚರ್, ಇದೆಲ್ಲ ನನಗೆ ಗೊತ್ತು ಅನ್ನುವ ಹಾಗೆ ತಲೆಯಾಡಿಸಿದ್ದೆ. ನಿನ್ನ ಬಾಯಿಂದ ಮಾತು ಕಿತ್ತುಕೊಂಡವರಲ್ಲಿ ನಾನೇ ಮೊದಲಿಗಳು. ಪ್ರೀತಿಯಿಂದಲೇ ಮಾಡಿದೆ, ಆದರೆ ಮಾಡಿದೆ. ತಪ್ಪಾಯಿತು ಅಮ್ಮಾ. ಅವತ್ತು ನೀನು ಏನು ಕೇಳಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ರಜೆ ಶುರುವಾದ ದಿನವೇ ಹೊರಟು ಬರುತ್ತೇನೆ. ಅಲ್ಲಿಯವರೆಗೆ ಮಾತ್ರೆ ನುಂಗು, ಅತ್ತಿಗೆಯನ್ನು ಸತಾಯಿಸಬೇಡ. ಅಣ್ಣನಿಗೂ ಅತ್ತಿಗೆಗೂ ನನ್ನ ಪ್ರೀತಿ ಹೇಳಬೇಕಾಗಿಲ್ಲ, ಓದುತ್ತಲೇ ಸಿಕ್ಕಿರುತ್ತದೆ. ನಿನ್ನ ಕಾಲಿಗೆ ನನ್ನ ಹಣೆ ಮುಟ್ಟಿತು ಅಂದುಕೋ.

ನಿನ್ನ ಮಗಳು

ಮರೆತಿದ್ದೆ: ಆಯಾ ಬಾಗಿಲು ಹಾಕಲು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಮೇಲೆ ಸಹಿ ಪೂರ್ತಿ ಮಾಡಿಲ್ಲ. ಕಾಳು ಹೆಕ್ಕುವ ಹಕ್ಕಿಯ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದವಳು ನೀನೊಬ್ಬಳೇ. ಐದು ತಿಂಗಳಿಂದ ನನ್ನನ್ನು ಯಾರೂ ಹಾಗೆ ಕರೆದಿಲ್ಲ. ನಾನು ಮುನಿಸಿಕೊಂಡಾಗ ಮಿಷನ್ನು ತುಳಿಯುತ್ತ ನೀನು ಹಾಡುತ್ತಿದ್ದದ್ದು ಇದು. ಆಗ ಕೊನೆಯ ಪದ ನನ್ನದಾಗಿತ್ತು. ಈ ಸಲ ಸೂಜಿ ನನ್ನ ಬಾಯಲ್ಲಿದೆ. ಹೇಳದಿದ್ದರೂ ನಾನು ಬರುತ್ತೇನೆ, ಅದಕ್ಕೆ ಹೆದರಬೇಡ. ಅಣ್ಣಾ, ಈ ಪದ ನಿನಗೂ ಗೊತ್ತು, ಅತ್ತಿಗೆಗೂ ಗೊತ್ತು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಳ್ಳಿ. ಕಂಬಳಿ, ಕಾಫಿ ಏನೂ ತರಬೇಡಿ. ಮೂರು ಸಾಲು ಓದು, ಅಮ್ಮನ ಮುಖ ನೋಡುತ್ತ ಕೂತಿರು. ಎಷ್ಟು ಹೊತ್ತಾದರೂ ಏಳಬೇಡ.

ಕೋಪ ಬಂತು, ಕೆನ್ನೆ ಉಬ್ಬಿ
ಮೂಲೆ ಸೇರಿದ್ಳು ಗೋಡೆ ತಬ್ಬಿ
ಅಮ್ಮ ಕರೆದ್ರೆ ಓಡಿ ಬರ್ತಾಳೆ ನನ್ನ...