ನಿನ್ನ ಭಾವ ‘ಆಯ್ತು’ ಅಂದರಂತೆ

ಡಿಸೆಂಬರ್ ೨೦, ಶನಿವಾರ ಮಧ್ಯಾಹ್ನ

ಪುಟ್ಟಿಗೆ,

‘ಪ್ರೀತಿಯ’ ಅಂತ ಬರೆಯಲು ಹೋಗಿ ಕೈ ತಡೆದೆ. ಪತ್ರ ಮುಗಿಯುವಷ್ಟರಲ್ಲಿ ಮನಸ್ಸಾದರೆ ಸೇರಿಸುತ್ತೇನೆ, ಮೇಲೆ ಜಾಗ ಬಿಟ್ಟಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ನೀನು ಆ ಕಡೆಯಿಂದ ‘ಅಕ್ಕಾ’ ಅಂತ ಮೂಗು ಎಳೆದರೆ ಸಾಕು, ನಾನು ಕರಗಿಹೋಗುತ್ತೇನೆ, ಬೈಯಬೇಕಾದದ್ದೆಲ್ಲ ಗಂಟಲಲ್ಲೇ ಉಳಿದುಬಿಡುತ್ತದೆ. ಇಪ್ಪತ್ತಾರು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರವರ ಪತ್ರಕ್ಕೆಲ್ಲ ಮುದ್ರೆ ಒತ್ತಿದವಳು ನಾನು. ನನ್ನದೂ ಒಂದು ಹೋಗಲಿ.

ಸೋಮವಾರ ಸಂಜೆ ಕೆಲಸ ಮುಗಿಸಿ ಬಂದರೆ ನಮ್ಮ ಮಲಗುವ ಕೋಣೆಗೆ ಬಾಗಿಲೇ ಇಲ್ಲ. ಬಾಗಿಲು ಮುರಿಯುವ ಕಳ್ಳರ ಸುದ್ದಿ ಕೇಳಿದ್ದೇನೆ, ಬಾಗಿಲನ್ನೇ ಹೊತ್ತುಕೊಂಡು ಹೋಗುವವರನ್ನು ಕಂಡಿರಲಿಲ್ಲ. ನಿನ್ನ ಭಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಖಾಲಿ ಚೌಕಟ್ಟನ್ನೇ ನೋಡುತ್ತಿದ್ದರು. ಯಾರು ತಗೊಂಡು ಹೋದರು ಅಂತ ಕೇಳಿದೆ. ‘ಆಯ್ತು’ ಅಂದರು.

ಬಾಗಿಲು ಕಳಚುವುದು ಗೊತ್ತಿರುವವರು ಎಷ್ಟು ಜನ? ನಮ್ಮ ಮುದ್ದಿನ ತಮ್ಮನಿಗೆ ಫೋನು ಹಚ್ಚಿದೆ. ಮೊದಲು ಮನೆಗೆ ಬಣ್ಣ ಹೊಡೆಸ್ತಿದೀನಿ, ಹಲಗೆ ಬೇಕಿತ್ತು ಅಂದ. ಬಣ್ಣ ಹೊಡೆಯೋನಿಗೆ ಬೇರೆ ಹಲಗೆ ಸಿಗಲಿಲ್ವೇನೋ ಅಂತ ಗದರಿಸಿದ ಮೇಲೆ ಬಾಯಿ ಬಿಟ್ಟ. “ಈ ಸಲ ವರ್ಷದ ಕೊನೆ ಊಟ ಪುಟ್ಟಿ ಮನೇಲಿ ಅಕ್ಕ. ನಿಮಗಿಬ್ರಿಗೂ ಸುಮ್ನೆ ತೊಂದ್ರೆ ಯಾಕೆ ಅಂತ. ಭಾವನ್ನ ಕೇಳ್ದೆ. ಅವ್ರೇ ಆಯ್ತು ಅಂದ್ರು” ಅಂದ.

ಎರಡು ವಾರದ ಹಿಂದೆ ನೀನೇ ಅಲ್ಲವೇ ಹೇಳಿದ್ದು, ಈ ಸಲ ಯಾರಿಗೂ ರಜೆ ಸಿಕ್ಕಿಲ್ಲ, ಯಾರೂ ಸೇರೋದಿಲ್ಲ ಅಂತ? ನಾನು ಪೆದ್ದಿ, ನಿನಗೆ ಸಮಾಧಾನ ಬೇರೆ ಹೇಳಿದೆ. ಬೇಜಾರು ಮಾಡ್ಕೋಬೇಡ, ಮುಂದಿನ ವರ್ಷ ಸೇರೋಣ ಅಂದೆ. ನೀನು ಆಗ ಹೇಗೆ ನಗು ತಡೆದುಕೊಂಡೆಯೋ! ನಗಲಿಲ್ಲ ಅಂತಲೇ ಇಟ್ಟುಕೊಳ್ಳೋಣ, ಸುಳ್ಳಂತೂ ಹೇಳಿದೆ.

ಇನ್ನು ಆ ‘ಆಯ್ತು’. ಏಪ್ರಿಲ್‌ನಲ್ಲಿ ಲಕ್ವ ಹೊಡೆದಾಗ ಅವರ ಬಲಗೈ ಹೋಯಿತು, ಮಾತೆಲ್ಲ ಹೋಯಿತು, ಉಳಿದದ್ದು ಇದೊಂದು ಪದ. ಕಾಲು ನೋಯುತ್ತಾ ಅಂದರೆ ಆಯ್ತು, ನೋಯಲ್ವಾ ಅಂದರೂ ಆಯ್ತು. ಬೆಕ್ಕು ಹಾಲಿಗೆ ಬಾಯಿ ಹಾಕಿದರೆ ಬೆಕ್ಕಿಗೂ ಆಯ್ತು. ಅವರಿಗೆ ಎಲ್ಲ ತಿಳಿಯುತ್ತೆ, ನಾಲಿಗೆ ಮಾತ್ರ ಕೇಳಲ್ಲ ಅಂತ ಡಾಕ್ಟರು ನಿಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿರಲಿಲ್ಲವೇ? ಅಂಥವರ ಬಾಯಿಂದ ಒಪ್ಪಿಗೆ ತಗೊಂಡು ಬಂದನಂತೆ ಮಹಾರಾಯ. “ಬಾಗಿಲ ಕೀಲಿನ ಪಿನ್ನು ಮಾತ್ರ ಕೊಡ್ಲಿಲ್ಲ ಅಕ್ಕ, ನನ್ ಕೈಯಿಂದ ಕಿತ್ಕೊಂಡು ಜೇಬಿಗೆ ಹಾಕ್ಕೊಂಡ್ರು. ಮೇಜಿಗೆ ಪಿನ್ನು ಯಾಕೆ ಅಂತ ಬಿಟ್ಟೆ” ಅಂತಲೂ ಅವನೇ ಹೇಳಿದ. ಕಿತ್ತುಕೊಂಡದ್ದು ಅವನಿಗೆ ಉತ್ತರ ಅನ್ನಿಸಲೇ ಇಲ್ಲ.

ಆ ಬಾಗಿಲು ಯಾರದು ಪುಟ್ಟಿ? ನಮ್ಮ ಊಟದ ಮೇಜು ಆರು ಜನಕ್ಕೆ, ಬರುವವರು ಹದಿನಾಲ್ಕು ಅಂತ ನಿನ್ನ ಭಾವ ಬೇಕೆಂದೇ ಮೇಜಿನಷ್ಟೇ ಅಗಲಕ್ಕೆ ಅದನ್ನು ಮಾಡಿದ್ದು. ಮೂರು ಕೀಲು, ಮೂರು ಹಿತ್ತಾಳೆ ಪಿನ್ನು. ಪಿನ್ನು ಎಳೆದರೆ ಬಾಗಿಲು ಕೈಗೆ ಬರುತ್ತದೆ, ಎರಡು ಸ್ಟ್ಯಾಂಡಿನ ಮೇಲೆ ಮಲಗಿಸಿ ಬಟ್ಟೆ ಹಾಸಿದರೆ ಆಯಿತು. ಹಿಡಿ ಬಿಚ್ಚಿದ ತೂತಿನ ಮೇಲೆಯೇ ತಮ್ಮ ಪ್ರತಿ ವರ್ಷ ಲೋಟ ಇಡುವುದು, ಚೆಲ್ಲುವುದು, ನಾವೆಲ್ಲ ಬಿದ್ದು ಬಿದ್ದು ನಗುವುದು. ಊಟ ಮುಗಿಯುವವರೆಗೂ ಪಿನ್ನುಗಳು ಅವರ ಜೇಬಿನಲ್ಲಿ ಕಿಣಿಕಿಣಿ ಅನ್ನುತ್ತಿದ್ದವು. ಈಗ ಮಾಡಿದ ಬಡಗಿಯನ್ನು ಮನೆಯಲ್ಲಿ ಬಿಟ್ಟು ಅವರ ಬಾಗಿಲ ಮೇಲೆ ಊಟ ಮಾಡುತ್ತೀರಾ? ತುತ್ತು ಗಂಟಲಲ್ಲಿ ಇಳಿಯುತ್ತದಾ ನಿಮಗೆ?

ತೊಂದರೆ, ವಿಶ್ರಾಂತಿ ಅನ್ನುವ ಮಾತು ನನ್ನ ಹತ್ತಿರ ಬೇಡ. ಆಗಸ್ಟಿನಲ್ಲಿ ನೀವೆಲ್ಲ ಬಂದಾಗ ಅವರ ಬಾಯಿಂದ ಸೂಪು ಸೋರಿ ಅಂಗಿ ಒದ್ದೆಯಾಯಿತು. ನೀನು ಗೋಡೆ ನೋಡಿದೆ. ನಿನ್ನ ಗಂಡ ಮಕ್ಕಳನ್ನು ಎಬ್ಬಿಸಿಕೊಂಡು ಆಚೆ ಹೋದ. ನಾನು ಒರೆಸುತ್ತಿದ್ದೆ, ನೋಡಲಿಲ್ಲ ಅಂದುಕೊಂಡಿರಿ. ಅವರೂ ನೋಡಿದರು.

ಇಷ್ಟು ಬರೆದ ಮೇಲೆ ಒಂದು ಮಾತು ನುಂಗಿಕೊಳ್ಳಲು ಆಗುತ್ತಿಲ್ಲ. ಅವತ್ತಿನಿಂದ ಯಾರೇ ಬಂದರೂ ನಾನು ಆ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಮಲಗಿದ್ದಾರೆ ಅನ್ನುತ್ತಿದ್ದೆ. ಮೇಲಿನ ಮನೆಯ ಡ್ರಿಲ್ ಮೇಷ್ಟ್ರು, ಮೂವತ್ತು ವರ್ಷದ ಇಸ್ಪೀಟಿನ ಜೊತೆಗಾರ, ವಾರಕ್ಕೆರಡು ಸಲ ಬಂದು ನನ್ನ ಸುಳ್ಳು ಕೇಳಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಮಂಗಳವಾರ ಬಂದಾಗ ಮಲಗಿದ್ದಾರೆ ಅನ್ನಲು ಬಾಗಿಲು ಬೇಕಲ್ಲ? ಇವರು ಕೂತಿದ್ದದ್ದು ಎದುರಿಗೇ ಕಾಣಿಸಿತು. ಮೇಷ್ಟ್ರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದರು. ನಾಲ್ಕು ದಿನದಿಂದ ಆಟ ನಡೆಯುತ್ತಿದೆ. ಮೇಷ್ಟ್ರು ಎಲೆ ಕದಿಯುತ್ತಾರೆ, ಇವರು ಎಡಗೈಯಿಂದ ಅವರ ಮಣಿಕಟ್ಟು ಹಿಡಿದು ‘ಆಯ್ತು! ಆಯ್ತು!’ ಅಂತ ಕೂಗುತ್ತಾರೆ. ಏಪ್ರಿಲ್ ಆದಮೇಲೆ ಅವರು ನಕ್ಕದ್ದು ಈ ವಾರವೇ.

ಹಾಗಂತ ನಿಮ್ಮ ತಪ್ಪು ತಪ್ಪಲ್ಲ ಅಂತ ತಿಳಿಯಬೇಡ. ನಾನು ಬಾಗಿಲು ಮುಚ್ಚಿದೆ, ನೀವು ಅದನ್ನು ಹೊತ್ತುಕೊಂಡೇ ಹೋದಿರಿ. ಈಗ ನಾಚಿಕೆಯಾಗಿ ಕರೆಯಲು ಓಡಿಬರಬೇಡಿ. ಮೂವತ್ತೊಂದಕ್ಕೆ ನಾವು ಬರುವುದಿಲ್ಲ. ಊಟ ಮುಗಿಸಿ, ಬಟ್ಟೆ ಜಾಡಿಸಿ, ಬಾಗಿಲನ್ನು ವಾಪಸು ಕಳಿಸಿ. ಹೊಸಿಲಾಚೆ ಇಟ್ಟು ಹೋದರೆ ಸಾಕು, ಮುಖ ತೋರಿಸುವುದು ಬೇಡ.

ನಿನಗೆ ಜಡೆ ಹಾಕಿ ಹಾಕಿ ಬೆರಳು ಸವೆಸಿಕೊಂಡ,
ಅಕ್ಕ

ಮರೆತದ್ದು: ಲಕೋಟೆಗೆ ಹಾಕುವ ಮುಂಚೆ ಪತ್ರವನ್ನು ಅವರಿಗೆ ಓದಿ ಹೇಳಿದೆ. ಹೀಗೇ ಕಳಿಸ್ಲಾ, ನಾವು ಹೋಗೋದು ಬೇಡ ಅಲ್ವಾ ಅಂತ ಕೇಳಿದೆ. ಸುಮ್ಮನಿದ್ದರು. ಕೇಳಿಸಲಿಲ್ಲವೇನೋ ಅಂತ ಮತ್ತೆ ಕೇಳಿದೆ. ತುಟಿ ಬಿಗಿಯಾಗಿ ಮುಚ್ಚಿಕೊಂಡು ನನ್ನನ್ನೇ ನೋಡಿದರು, ಎಡಗೈ ಪಿನ್ನಿನ ಜೇಬಿನ ಮೇಲಿತ್ತು. ಮೂರನೇ ಸಲವೂ ಅಷ್ಟೇ. ಎಂಟು ತಿಂಗಳಲ್ಲಿ ಮೊದಲ ಸಲ ನಿನ್ನ ಭಾವ ಆಯ್ತು ಅನ್ನಲಿಲ್ಲ. ಅವರನ್ನು ಸರಿಯಾಗಿ ಕೇಳಲಿಲ್ಲ ಅಂತ ನಿಮ್ಮ ಮೇಲೆ ಐದು ದಿನ ಹಾರಾಡಿದೆನಲ್ಲ, ಬರೋದಿಲ್ಲ ಅಂತ ಬರೆಯುವಾಗ ನಾನೂ ಕೇಳಿರಲಿಲ್ಲ.

ಬೈಗುಳ ಒಂದನ್ನೂ ವಾಪಸು ತಗೊಳ್ಳುವುದಿಲ್ಲ, ಪತ್ರ ಹೀಗೇ ಬರುತ್ತದೆ. ಮೂವತ್ತೊಂದಕ್ಕೆ ಬಾಗಿಲು ಹೊತ್ತುಕೊಂಡು ಎಲ್ಲರೂ ಇಲ್ಲಿಗೇ ಬನ್ನಿ. ಮೇಷ್ಟ್ರೂ ಇರುತ್ತಾರೆ, ಹದಿನೈದು ತಟ್ಟೆ. ಊಟವಾದ ಮೇಲೆ ಬಾಗಿಲು ನಿಲ್ಲಿಸಲು ಪಿನ್ನು ಬೇಕಾಗುತ್ತದೆ. ಅವರನ್ನೇ ಕೇಳಿ. ಕೇಳಿದ ಮೇಲೆ ಗೋಡೆ ನೋಡಬೇಡಿ, ಅವರ ಮುಖ ನೋಡಿ.